ಅರ್ಧ ಸೆಕೆಂಡಿನ ಹಾಡು

ಬನದ ಹುಣ್ಣಿಮೆಯ ರಾತ್ರಿ, ಒಂಬತ್ತು ಗಂಟೆ ದಾಟಿದೆ. ಗೋಕಾಕ ತಾಲ್ಲೂಕಿನ ಈ ಊರಿನಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿದೆ. ಮಂದಿಯೆಲ್ಲ ‘ಉಧೋ ಉಧೋ’ ಎನ್ನುತ್ತ ಟ್ರ್ಯಾಕ್ಟರ್ ಏರಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದಾರೆ. ಉಳಿದವರು ಶಾಲು ಹೊದ್ದು ಬಾಗಿಲು ಮುಚ್ಚಿಕೊಂಡಿದ್ದಾರೆ. ರಸ್ತೆಗೆ ಮಾತ್ರ ಬಿಡುವಿಲ್ಲ. ಕಬ್ಬು ನುರಿಸುವ ಹಂಗಾಮು ಇದು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಫ್ಯಾಕ್ಟರಿಯ ದಾರಿ ಹಿಡಿದಿವೆ, ಒಂದೊಂದರಲ್ಲೂ ಕಿಟಕಿ ನಡುಗುವಷ್ಟು ಜೋರಾಗಿ ಹಾಡು. ನೀವು ಆ ರಸ್ತೆ ಬಿಟ್ಟು ಹನುಮಪ್ಪನ ಗುಡಿಯ ಪಕ್ಕದ ಓಣಿಗೆ ಹೊರಳಿ. ಎಡಕ್ಕೆ ಮೂರನೆಯ ಮನೆ. ಕಟ್ಟೆಯ ಮೇಲೆ ಒಂದೇ ಜೊತೆ ಚಪ್ಪಲಿ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ, ನಿಮಗೆ ಮಾತ್ರ ತೆರೆದಿದೆ ಅಂದುಕೊಳ್ಳಿ. ಸದ್ದು ಮಾಡದೆ ಒಳಗೆ ಬನ್ನಿ.

ಪಡಸಾಲೆಯಲ್ಲಿ ಲುಂಗಿ, ಬನಿಯನ್ ತೊಟ್ಟ ಮೂವತ್ತರ ಆಸುಪಾಸಿನ ಗಂಡಸೊಬ್ಬ ಸ್ಟೂಲು ಹತ್ತಿ ಗೋಡೆ ಗಡಿಯಾರ ಇಳಿಸುತ್ತಿದ್ದಾನೆ. ಅದರ ಸೆಲ್ಲು ತೆಗೆದು ಕಿಸೆಗೆ ಹಾಕಿಕೊಂಡ. ಟಿಕ್‌ಟಿಕ್ ನಿಂತಿತು. ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಸ್ವಿಚ್ ಆರಿಸಿದ. ಒಂದು ಸಣ್ಣ ಗುಂಯ್‌ಗುಡುವಿಕೆ ಇಷ್ಟು ಹೊತ್ತು ಮನೆ ತುಂಬ ಇತ್ತು ಎಂಬುದು ಅದು ನಿಂತ ಮೇಲೆಯೇ ನಿಮಗೆ ತಿಳಿಯುತ್ತದೆ. ಊರೆಲ್ಲ ಚಳಿ ಎಂದು ಮುದುಡಿ ಮಲಗಿರುವಾಗ ಇವನಿಗೆ ಬನಿಯನ್ ಸಾಕು. ಲಡಾಖಿನಿಂದ ಇಳಿದು ಬಂದವನಿಗೆ ಗೋಕಾಕದ ಜನವರಿ ಚಳಿಗಾಲದ ಲೆಕ್ಕಕ್ಕೇ ಇಲ್ಲ.

ಅವನು ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ನಾಯಕ್. ಹೆಸರು ಇಲ್ಲಿ ಬೇಡ, ಊರವರು ಹೇಗೂ ‘ಮಿಲ್ಟ್ರಿ’ ಎಂದೇ ಕರೆಯುತ್ತಾರೆ. ಸೂಟಿ ಮೇಲೆ ಬಂದಿದ್ದಾನೆ. ಸಂಜೆ ಗುಡ್ಡಕ್ಕೆ ಹೊರಟ ಅವ್ವ, “ನೀನೂ ಬಾರಪಾ, ವರ್ಸಕ್ಕೊಮ್ಮಿ ಬರಾಂವ” ಎಂದು ಕರೆದಳು. “ಎಮ್ಮಿ ನೋಡ್ಕೊಳ್ಳಾಕ ಒಬ್ರರ ಬೇಕಲ್ಲಬೇ” ಎಂದು ಇವನು ಉಳಿದುಕೊಂಡ. ಹೆಂಡತಿಗೆ ನಿಜವಾದ ಕಾರಣ ಗೊತ್ತು. “ಈ ಸಲಾ ಆ ಹಾಡು ಮುಗಿಸಿಬಿಡ್ರಿ” ಎಂದಷ್ಟೇ ಹೇಳಿ, ಮಗಳನ್ನು ಎತ್ತಿಕೊಂಡು ಟ್ರ್ಯಾಕ್ಟರ್ ಏರಿದಳು.

ಸೈನಿಕನಿಗೆ ಎಲ್ಲಕ್ಕಿಂತ ಅಪರೂಪವಾದದ್ದು ಒಬ್ಬನೇ ಇರುವ ಹೊತ್ತು. ವರ್ಷದಲ್ಲಿ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಅವನ ಪಾಲಿನದು, ಅದೂ ಮೇಲಿನವರು ಬಿಟ್ಟಾಗ. ಉಳಿದ ಒಂಬತ್ತು ತಿಂಗಳು ಅವನು ಉಣ್ಣುವುದು ಸಾಲಿನಲ್ಲಿ, ಮಲಗುವುದು ಸಾಲಿನಲ್ಲಿ, ಟವರಿಲ್ಲದ ಕಡೆ ಮನೆಗೆ ಫೋನ್ ಮಾಡುವುದೂ ಸಾಲಿನಲ್ಲಿ ನಿಂತು. ಊರಿಗೆ ಬಂದರೆ ನೆಂಟರು, ಮದುವೆ, ಬ್ಯಾಂಕು, ತಹಶೀಲ್ದಾರ್ ಕಚೇರಿ. ಇಡೀ ಮನೆ ಒಂದು ರಾತ್ರಿಯ ಮಟ್ಟಿಗೆ ಅವನೊಬ್ಬನಿಗೆ ಸಿಕ್ಕಿದೆ. ಅದಕ್ಕೇ ಗಡಿಯಾರ ಇಳಿಸುವ ಕೈಯಲ್ಲಿ ಇಷ್ಟು ಅವಸರ.

ಒಳಕೋಣೆಗೆ ಬನ್ನಿ. ಕಾಳು ತುಂಬಿಡುವ ಕೋಣೆ ಇದು. ಎರಡು ಮೂಲೆಗಳಲ್ಲಿ ಜೋಳದ ಚೀಲಗಳು ಸೂರಿನ ತನಕ ಏರಿವೆ. ಪೇಟೆಯ ಸ್ಟುಡಿಯೋಗಳಲ್ಲಿ ದಪ್ಪ ಸ್ವರ ಗೋಡೆಗೆ ಬಡಿದು ಗೊಂದಲವಾಗದಿರಲೆಂದು ಮೂಲೆಗಳಿಗೆ ಫೋಮು ತುಂಬುತ್ತಾರೆ. ಇಲ್ಲಿ ಆ ಕೆಲಸವನ್ನು ಜೋಳ ಮಾಡುತ್ತದೆ. ಮಧ್ಯದಲ್ಲಿ ಕರಿ ಬಣ್ಣದ ಕಬ್ಬಿಣದ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು. ಟ್ರಂಕಿನ ಮೇಲೆ ಲ್ಯಾಪ್‌ಟಾಪು. ಪಕ್ಕದಲ್ಲಿ ಕೈಯಗಲದ ಒಂದು ಕೆಂಪು ಪೆಟ್ಟಿಗೆ: ಮೈಕು, ಗಿಟಾರುಗಳ ವಿದ್ಯುತ್ತನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳನ್ನಾಗಿ ಮಾಡುವ ಆಡಿಯೊ ಇಂಟರ್‌ಫೇಸು. ಒಂದು ಸೆಕೆಂಡಿನ ಸದ್ದನ್ನು ಅದು 48,000 ಸಲ ಅಳೆದು ಬರೆದಿಡುತ್ತದೆ.

ಬಾಗಿಲಿಗೂ ಎದುರು ಗೋಡೆಗೂ ಕೌದಿ ಕಟ್ಟಿದ್ದಾನೆ. ಹತ್ತಿರ ಹೋಗಿ ನೋಡಿ. ಅಮ್ಮ, ಅಂದರೆ ಅವನ ಅಜ್ಜಿ, ಹೊಲಿದದ್ದು. ಹಳೆಯ ಇಲಕಲ್ ಸೀರೆಯ ತುಂಡು, ಅಪ್ಪನ ಧೋತರದ ತುಂಡು, ಇವನದೇ ಶಾಲೆಯ ನೀಲಿ ಚಡ್ಡಿಯ ಬಟ್ಟೆ, ಎಲ್ಲವನ್ನೂ ಪದರ ಪದರವಾಗಿ ಇಟ್ಟು ಬೆರಳಗಲಕ್ಕೊಂದು ಸಾಲು ಓಡುಹೊಲಿಗೆ ಹಾಕಿದ್ದಾಳೆ. ಮೂಲೆಗೊಂದು ಕೆಂಪು ಕುಚ್ಚು. ನಾಲ್ಕೈದು ಪದರ ಹತ್ತಿಬಟ್ಟೆ ಸೇರಿ ಬೆರಳಿಗೆ ದಪ್ಪವಾಗಿ ಹತ್ತುತ್ತದೆ. ಅದರ ಮುಂದೆ ನಿಂತು ಕೆಮ್ಮಿದರೆ ಸದ್ದು ತಿರುಗಿ ಬರುವುದಿಲ್ಲ, ಅಲ್ಲೇ ಇಂಗಿಹೋಗುತ್ತದೆ. ಮೊಮ್ಮಗನ ದನಿ ರೆಕಾರ್ಡ್ ಆಗುವುದು ಈ ಕೌದಿಯ ಮಗ್ಗುಲಲ್ಲೇ.

ಈಗ ಗಿಟಾರ್ ಕೊರಳಿಗೇರಿತು. ಕೆಂಪು ಪೆಟ್ಟಿಗೆಗೆ ವೈರು ಚುಚ್ಚಿ, ಹೆಡ್‌ಫೋನ್ ಹಾಕಿಕೊಂಡು, ಅವನು ನಿಂತಲ್ಲೇ ನಿಧಾನವಾಗಿ ತಿರುಗತೊಡಗಿದ. ಕಣ್ಣು ಮುಚ್ಚಿದೆ. ಪೂರ್ವಕ್ಕೆ ಸ್ವಲ್ಪ, ಇನ್ನೂ ಸ್ವಲ್ಪ. ಒಂದು ಕಡೆ ತಟ್ಟನೆ ನಿಂತ. ಏನು ಮಾಡಿದ ಗೊತ್ತೇ? ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ಸಣ್ಣ ತಾಮ್ರದ ತಂತಿ. ಅದು ಗಿಟಾರಿನ ತಂತಿಯ ಕಂಪನವನ್ನಷ್ಟೇ ಹಿಡಿದು ಸುಮ್ಮನಿರುವುದಿಲ್ಲ, ಗೋಡೆಯೊಳಗಿನ ಕರೆಂಟಿನ 50 ಹರ್ಟ್ಜ್ ಗುಂಯ್ ಎನ್ನುವ ಸದ್ದನ್ನೂ ಎಳೆದುಕೊಳ್ಳುತ್ತದೆ. ಹಳ್ಳಿಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಇನ್ನೂ ಹೆಚ್ಚು. ಪಿಕಪ್ಪಿನ ಮುಖ ತಿರುಗಿಸುತ್ತ ಹೋದರೆ ಒಂದು ದಿಕ್ಕಿನಲ್ಲಿ ಆ ಸದ್ದು ಕುಸಿಯುತ್ತದೆ. ಆಂಟೆನಾ ತಿರುಗಿಸಿ ಸಿಗ್ನಲ್ ಹುಡುಕುವುದೇ ವೃತ್ತಿಯಾದವನಿಗೆ ಸದ್ದಿಲ್ಲದ ದಿಕ್ಕನ್ನು ಹುಡುಕುವುದು ಕಷ್ಟವಲ್ಲ. ಲ್ಯಾಪ್‌ಟಾಪಿನ ಚಾರ್ಜರನ್ನೂ ಕಿತ್ತ. ಬ್ಯಾಟರಿಯ ಮೇಲೆ ನಡೆದರೆ ಇನ್ನೂ ಸ್ವಚ್ಛ. ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಎರಡು ಪಾದದ ಗುರುತು ಹಾಕಿಕೊಂಡ.

1911ರ ಫೆಬ್ರುವರಿ 15ರಂದು ಹುಟ್ಟಿದ ಸಿಗ್ನಲ್ಸ್ ಕೋರಿನ ಧ್ಯೇಯವಾಕ್ಯ ‘ತೀವ್ರ ಚೌಕಸ್’: ಚುರುಕು, ಸದಾ ಎಚ್ಚರ. ಇವನ ತರಬೇತಿ ಆದದ್ದು ಗೋವಾದ ಸಿಗ್ನಲ್ ತರಬೇತಿ ಕೇಂದ್ರದಲ್ಲಿ. ವೈರಿಗೆ ಬೆಸುಗೆ ಹಾಕುವುದು, ಸದ್ದಿನ ರಾಶಿಯೊಳಗಿನಿಂದ ಒಂದು ದನಿಯನ್ನು ಹೆಕ್ಕುವುದು, ಕೇಳಿದ್ದನ್ನು ಒಂದಕ್ಷರ ಬಿಡದೆ ಮರಳಿ ಹೇಳುವುದು ಅಲ್ಲಿ ಕಲಿತದ್ದು. ರಾಕ್ ಸಂಗೀತ ಮೊದಲು ಕಿವಿಗೆ ಬಿದ್ದದ್ದೂ ಗೋವಾದಲ್ಲೇ, ಔಟ್‌ಪಾಸ್ ಸಿಕ್ಕ ಭಾನುವಾರಗಳಲ್ಲಿ, ಹೋಟೆಲಿನ ಹೊರಗೆ ನಿಂತು. ಗಿಟಾರ್ ಹಿಡಿಯಲು ಕಲಿಸಿದವನು ಮಿಜೋರಾಮಿನ ಜೊತೆಗಾರ. ಅಲ್ಲಿಯ ಎಷ್ಟೋ ಹುಡುಗರಿಗೆ ಚರ್ಚು, ಗಿಟಾರು, ರಾಕು ಚಿಕ್ಕಂದಿನಿಂದಲೇ ಬಂದವು. ಆ ಗೆಳೆಯ ಬ್ಯಾರಕ್ಕಿನ ಮಂಚದ ಅಂಚಿಗೆ ಕೂತು ಇವನ ಬೆರಳುಗಳನ್ನು ಒಂದೊಂದಾಗಿ ತಂತಿಯ ಮೇಲಿಟ್ಟ. ಇಬ್ಬರಿಗೂ ಬರುತ್ತಿದ್ದುದು ಫೌಜಿನ ಹಿಂದಿ ಒಂದೇ.

ಈಗ ಕೇಳಿ. ಹಾಡಿನ ಗಿಟಾರ್ ಭಾಗ ಶುರುವಾಯಿತು. ಕೋಣೆಯಲ್ಲಿ ನಿಮಗೆ ಕೇಳಿಸುವುದೇನು? ತಗಡಿನ ಡಬ್ಬಿಗೆ ಕಡ್ಡಿ ತಾಗಿಸಿದಂಥ ಟಿಣ್‌ಟಿಣ್, ಅಷ್ಟೇ. ಬರಿಗಾಲು ನೆಲಕ್ಕೆ ಬಡಿಯುವ ಸದ್ದು. ಮೂಗಿನ ಉಸಿರು. ಪಕ್ಕದ ಮನೆಯ ಮುದುಕನಿಗೆ ಇದರಿಂದ ನಿದ್ದೆ ಕೆಡುವ ಮಾತೇ ಇಲ್ಲ. ಹಾಗಾದರೆ ರಾಕ್ ಎಲ್ಲಿದೆ?

ಅವನ ಹೆಡ್‌ಫೋನಿನೊಳಗೆ ಹೊಕ್ಕು ನೋಡಿ. ಅದೇ ಟಿಣ್‌ಟಿಣ್ ಕಂಪ್ಯೂಟರಿನೊಳಗಿನ ಆಂಪ್ಲಿಫೈಯರನ್ನು ಹಾದು ಗರ್ಜಿಸುತ್ತಿದೆ. ಆರನೆಯ ತಂತಿಯನ್ನು ಮಾಮೂಲಿನ ‘ಇ’ಯಿಂದ ‘ಡಿ’ಗೆ ಇಳಿಸಿಕೊಂಡಿದ್ದಾನೆ. ಸೆಕೆಂಡಿಗೆ 82 ಸಲ ಕಂಪಿಸಬೇಕಾದ ತಂತಿ ಈಗ 73 ಸಲ ಕಂಪಿಸುತ್ತದೆ. ಸಡಿಲಾದ ಆ ದಪ್ಪ ತಂತಿ ಎದೆಗೂಡಿನಲ್ಲಿ ನಡುಗುತ್ತದೆ. ಒಂದು ಸಲ ನುಡಿಸಿದ್ದನ್ನು ಎಡಕಿವಿಗೆ ಹಾಕಿದ. ಅದನ್ನೇ ಮತ್ತೆ ಮೊದಲಿನಿಂದ ನುಡಿಸಿ ಬಲಕಿವಿಗೆ ಹಾಕಿದ. ಒಂದೇ ಮನುಷ್ಯ ಎರಡು ಸಲ ಒಂದೇ ಥರ ನುಡಿಸಲಾರ, ಕೂದಲೆಳೆಯಷ್ಟಾದರೂ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸದಿಂದಲೇ ಎರಡು ಗಿಟಾರುಗಳ ನಡುವೆ ಒಂದು ಬಯಲು ತೆರೆದುಕೊಳ್ಳುತ್ತದೆ. ನೀವು ಆ ಬಯಲಿನಲ್ಲಿ ನಿಂತಿದ್ದೀರಿ. ಬೇಸ್ ಗಿಟಾರ್ ಅವನಲ್ಲಿಲ್ಲ. ಇದ್ದ ಗಿಟಾರಿನಲ್ಲೇ ಒಂದೊಂದೇ ಸ್ವರ ನುಡಿಸಿ, ಅದನ್ನು ಒಂದು ಸಪ್ತಕ ಕೆಳಗಿಳಿಸಿದ. ಡ್ರಮ್ಮು ಇಡಲು ಜಾಗವಿಲ್ಲ. ಅಂಗೈಯಷ್ಟು ರಬ್ಬರ್ ಗುಂಡಿಗಳ ಮೇಲೆ ಎರಡು ತೋರುಬೆರಳಿನಿಂದ ಬಾರಿಸಿದ. ಆ ಬಾರಿಸುವಿಕೆಯಲ್ಲಿ ಹಲಗಿಯ ಪೆಟ್ಟು ಇದೆ, ಓಕುಳಿಯ ದಿನ ಊರ ಅಗಸಿಯಲ್ಲಿ ಕೇಳುವ ಪೆಟ್ಟು. ಒಂಬತ್ತು ತಿಂಗಳು ಗುಂಪಿನಲ್ಲಿದ್ದು ಬಂದವನು ಒಂದು ರಾತ್ರಿ ಒಂಟಿತನ ಸಿಕ್ಕರೆ ತನ್ನಿಂದಲೇ ನಾಲ್ಕು ಜನರ ಗುಂಪು ಕಟ್ಟಿಕೊಳ್ಳುತ್ತಾನೆ. ಎಲ್ಲರೂ ಒಂದೇ ಹೆಜ್ಜೆಯಲ್ಲಿ ಇದ್ದಾರೆ.

ಹೆಜ್ಜೆಯ ಮಾತು ಬಂತು. ಈ ಹಾಡು ಹೋದ ಸೂಟಿಯಲ್ಲೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಕಾರಣ ಹೆಜ್ಜೆ.

ಟ್ರಂಕಿನ ಮೇಲಿರುವ ಸಣ್ಣ ಡೈರಿ ನೋಡಿ. ರಟ್ಟು ಎಣ್ಣೆಯಾಗಿದೆ, ಸೀಮೆಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ. ಮೇಲೆ ಲಡಾಖಿನಲ್ಲಿ, ಬುಖಾರಿ ಎಂಬ ಸೀಮೆಎಣ್ಣೆ ಒಲೆಯ ಮಗ್ಗುಲಲ್ಲಿ ಬರೆದದ್ದು. ಗಿಟಾರನ್ನು ಅವನು ಅಲ್ಲಿಗೆ ಒಯ್ಯುವುದಿಲ್ಲ. ಲಡಾಖಿನ ಒಣ ಹವೆಗೆ ಗಿಟಾರಿನ ಮರ ಕುಗ್ಗುತ್ತದೆ, ಕತ್ತು ಬಾಗುತ್ತದೆ, ಕೊನೆಗೆ ಸೀಳುತ್ತದೆ. ಅಲ್ಲಿ ಪದ ಮಾತ್ರ, ರಾಗ ಊರಲ್ಲಿ. ಡೈರಿಯ ಪುಟಗಳಲ್ಲಿ ಕಣಿವೆಯ ಹೆಸರಿಲ್ಲ, ಎತ್ತರದ ಅಂಕಿಯಿಲ್ಲ, ತಾರೀಕಿಲ್ಲ, ಯಾರು ಎಷ್ಟು ಜನ ಎಂಬ ಲೆಕ್ಕವಿಲ್ಲ. ಯಾವುದನ್ನು ಗಾಳಿಗೆ ಬಿಡಬಾರದು ಎಂಬುದು ಸಿಗ್ನಲ್ಸಿನವನ ಬೆರಳಿಗೇ ಗೊತ್ತು. ಅವನ್ನೆಲ್ಲ ತೆಗೆದ ಮೇಲೆ ಉಳಿಯುವುದೇನು? ಒದ್ದೆ ಕಾಲುಚೀಲ ಒಣಗಿಸುವುದು. ಮಂಜು ಕರಗಿಸಿ ನೀರು ಮಾಡುವುದು. ಪತ್ರ ಬಾರದ ಸಂಜೆ. ಮತ್ತು ಈ ಹಾಡಿನ ವಸ್ತು, ಫೋನು.

ಈಗ ಮೊಬೈಲ್ ಟವರು ಗಡಿಯ ಎಷ್ಟೋ ಕಡೆ ತಲುಪಿದೆ. ಅವನು ಮೊದಲ ಸಲ ಮೇಲೆ ಹೋದಾಗ ಇದ್ದದ್ದು ಉಪಗ್ರಹದ ಫೋನು. ಒಬ್ಬೊಬ್ಬರಿಗೆ ಕೆಲವೇ ನಿಮಿಷ. ಮಾತು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೇರಿ, ಅಲ್ಲಿರುವ ಉಪಗ್ರಹವನ್ನು ಮುಟ್ಟಿ, ಮತ್ತೆ ಅಷ್ಟೇ ದೂರ ಇಳಿದು ಗೋಕಾಕಕ್ಕೆ ಬರಬೇಕು. ಬೆಳಕಿನ ವೇಗದಲ್ಲಿ ಬಂದರೂ ಕಾಲು ಸೆಕೆಂಡು ಹಿಡಿಯುತ್ತದೆ. ಹೆಂಡತಿಯ ಉತ್ತರ ಅದೇ ದಾರಿಯಲ್ಲಿ ವಾಪಸ್ಸು ಬರಲು ಇನ್ನೊಂದು ಕಾಲು. ಅಂದರೆ ಅವನು ಕೇಳಿದ್ದಕ್ಕೂ ಅವಳ ದನಿ ಕಿವಿಗೆ ಬೀಳುವುದಕ್ಕೂ ನಡುವೆ ಅರ್ಧ ಸೆಕೆಂಡು ಏನೂ ಇಲ್ಲ. ಆ ಅರ್ಧ ಸೆಕೆಂಡಿನಲ್ಲಿ ಇವನು, ಕೇಳಿಸಲಿಲ್ಲವೇನೋ ಎಂದು ಮತ್ತೆ ‘ಹಲೋ’ ಎನ್ನುತ್ತಾನೆ. ಅಷ್ಟರಲ್ಲಿ ಅವಳ ಉತ್ತರ ಬರುತ್ತದೆ. ಎರಡೂ ಡಿಕ್ಕಿ ಹೊಡೆಯುತ್ತವೆ. ಇಬ್ಬರೂ ಸುಮ್ಮನಾಗುತ್ತಾರೆ. ಇಬ್ಬರೂ ಮತ್ತೆ ಒಟ್ಟಿಗೇ ಶುರು ಮಾಡುತ್ತಾರೆ. ಮಾಡಿದ ಜಗಳಗಳಲ್ಲಿ ಎಷ್ಟೋ ಜಗಳ ಈ ಅರ್ಧ ಸೆಕೆಂಡಿನವು.

ಇದನ್ನು ಹಾಡು ಮಾಡಬೇಕು ಎಂದು ಕೂತವನಿಗೆ ಲಯ ಸಿಗಲಿಲ್ಲ. ರೆಕಾರ್ಡ್ ಮಾಡುವವರು ಕಿವಿಯೊಳಗೆ ಒಂದು ಟಿಕ್‌ಟಿಕ್ ಹಾಕಿಕೊಂಡು ಅದರ ಮೇಲೆ ನುಡಿಸುತ್ತಾರೆ, ‘ಕ್ಲಿಕ್’ ಎನ್ನುತ್ತಾರೆ. ಕಂಪ್ಯೂಟರು ತಾನಾಗಿ ಕೊಡುವುದು ನಿಮಿಷಕ್ಕೆ 120 ಪೆಟ್ಟು. ಸೇನೆಯ ‘ತೇಜ್ ಚಲ್’ ಕೂಡ ನಿಮಿಷಕ್ಕೆ 120 ಹೆಜ್ಜೆ. ಆ ಕ್ಲಿಕ್ ಕಿವಿಗೆ ಬಿದ್ದದ್ದೇ ತಡ ಅವನ ಹಿಮ್ಮಡಿ ತಾನೇ ಏಳುತ್ತಿತ್ತು, ಭುಜ ನೆಟ್ಟಗಾಗುತ್ತಿತ್ತು, ಹಾಡು ಪರೇಡ್ ಮೈದಾನಕ್ಕೆ ಹೋಗಿ ನಿಲ್ಲುತ್ತಿತ್ತು. ಅದಕ್ಕೆ 120 ಬಿಟ್ಟು 96ಕ್ಕೆ ಇಳಿಸಿದ. ಹೆಜ್ಜೆ ತಪ್ಪಿಸಿಕೊಂಡ, ಆದರೆ ಹಾಡು ಜಾರಿಹೋಯಿತು. ಪಲ್ಲವಿಯಲ್ಲಿ ಪ್ರಶ್ನೆ ಒಂದು ಕಿವಿಗೆ, ಉತ್ತರ ಇನ್ನೊಂದು ಕಿವಿಗೆ, ನಡುವೆ ಅರ್ಧ ಸೆಕೆಂಡಿನ ಬಿಡುವು ಎಂದು ಅವನ ಲೆಕ್ಕ. 96ರಲ್ಲಿ ಆ ಬಿಡುವು ತಾಳದ ಯಾವ ಮಾತ್ರೆಗೂ ಕೂರುತ್ತಿರಲಿಲ್ಲ. ಉತ್ತರ ಬಂದಾಗಲೆಲ್ಲ ಎಡವಿದಂತೆ ಕೇಳುತ್ತಿತ್ತು. ಸೂಟಿ ಮುಗಿಯಿತು, ಹಾಡು ಉಳಿಯಿತು.

ಈ ಸಲ ಊರಿಗೆ ಬರುವಾಗ ಗೋವಾ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿ ಲೆಕ್ಕ ಹಾಕಿದ. ನಿಮಿಷಕ್ಕೆ 120 ಎಂದರೆ ಒಂದು ಪೆಟ್ಟಿಗೆ ಎಷ್ಟು ಹೊತ್ತು? ಅರ್ಧ ಸೆಕೆಂಡು. ಸರಿಯಾಗಿ ಅರ್ಧ ಸೆಕೆಂಡು. ಅವನು ಬಿಟ್ಟೋಡಿದ ಕವಾಯತಿನ ಒಂದು ಹೆಜ್ಜೆಯೂ, ಅವಳ ದನಿಗಾಗಿ ಕಾದ ಹೊತ್ತೂ ಒಂದೇ ಅಳತೆ. ಡೈರಿಯಲ್ಲಿ ಆ ಪುಟ ತೆರೆದೇ ಇದೆ. 96 ಎಂಬ ಅಂಕಿಗೆ ಎರಡು ಗೆರೆ ಎಳೆದು ಪಕ್ಕದಲ್ಲಿ 120 ಎಂದು ಬರೆದು, ಸುತ್ತ ಪೆನ್ನು ಒತ್ತಿ ಒತ್ತಿ ವೃತ್ತ ಹಾಕಿದ್ದಾನೆ. ಹಾಳೆಯ ಹಿಂಬದಿಗೂ ಉಬ್ಬು ಮೂಡಿದೆ.

ಹತ್ತೂವರೆ. ಫೋನು ಗುರ್‌ಗುಟ್ಟಿತು. ಗುಡ್ಡದಿಂದ ಹೆಂಡತಿ. ಹಿಂದೆ ಜಾಗಟೆ, ಚೌಡಕಿಯ ಸದ್ದು, ಜನರ ಗದ್ದಲ.

“ಏನ್ರೀ, ಉಂಡ್ರ್ಯಾ?”

“ಹೂಂ, ರೊಟ್ಟಿ ತಿಂದೆ. ಕೂಸು ಮಲಗೇತೇನು?”

“ಎಲ್ಲಿ ಮಲಗ್ತೈತ್ರಿ, ಮಂದಿ ನೋಡಕೋಂತ ಕುಂತೈತಿ. ಮುಗೀತೇನ್ರಿ ನಿಮ್ಮ ಹಾಡು?”

“ದನಿ ಒಂದ ಉಳದೈತಿ.”

“ಎಮ್ಮಿಗೆ ನೀರ ಕುಡಿಸೀರಿಲ್ಲೋ ಅಂತ ಅತ್ತಿ ಕೇಳಾಕತ್ತಾರ.”

ಕುಡಿಸಿಲ್ಲ. ಎದ್ದು ಹೋಗಿ ಕುಡಿಸಿ ಬಂದ. ಚಹಾಕ್ಕೆ ನೀರಿಟ್ಟ. ಅದು ಕುದಿಯುವುದರೊಳಗೆ ನೀವು ಡೈರಿಯ ಕೊನೆಯ ಪುಟ ತಿರುವಿ. ‘ನಮ್ಮ ಪಲ್ಟನ್’ ಎಂದು ತಲೆಬರಹ ಕೊಟ್ಟು ಮೂರು ಹೆಸರು ಬರೆದಿದ್ದಾನೆ. ಮೊದಲನೆಯದು ಜಿಮಿ ಹೆಂಡ್ರಿಕ್ಸ್. 1961ರಲ್ಲಿ ಅಮೆರಿಕದ ಸೇನೆ ಸೇರಿ, ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ಪ್ಯಾರಾಟ್ರೂಪರ್ ಆಗಿದ್ದವನು. ಊರಿನಿಂದ ಅಪ್ಪನ ಕೈಲಿ ಗಿಟಾರ್ ತರಿಸಿಕೊಂಡು ಅಲ್ಲಿ ನುಡಿಸುತ್ತಿದ್ದ. ಕಿಟಕಿಯಾಚೆ ಆ ಸದ್ದು ಕೇಳಿ ಒಳಗೆ ಬಂದ ಇನ್ನೊಬ್ಬ ಸೈನಿಕ ಬಿಲ್ಲಿ ಕಾಕ್ಸ್, ಮುಂದೆ ಅವನ ಬೇಸ್ ಗಿಟಾರ್ ವಾದಕನಾಗಿ 1969ರ ವುಡ್‌ಸ್ಟಾಕ್ ವೇದಿಕೆಯಲ್ಲೂ ಪಕ್ಕದಲ್ಲಿ ನಿಂತ. ಎರಡನೆಯದು ಜೇಮ್ಸ್ ಬ್ಲಂಟ್. 1999ರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿಯಾಗಿ ಕೊಸೊವೊಗೆ ಹೋದಾಗ, ಒಳಗೆ ಜಾಗವಿಲ್ಲದ್ದರಿಂದ ಗಿಟಾರನ್ನು ಟ್ಯಾಂಕಿನ ಹೊರಮೈಗೆ ಕಟ್ಟಿಕೊಂಡು ಹೋದವರು. ಅಲ್ಲಿ ಕಂಡದ್ದನ್ನು ಅಲ್ಲೇ ಹಾಡಾಗಿ ಬರೆದರು. ಮೂರನೆಯ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಸೈನಿಕರಲ್ಲ. ಆದರೆ 1982ರ ಜನವರಿ 3ರಂದು ನ್ಯೂಜೆರ್ಸಿಯ ಮನೆಯ ಮಲಗುವ ಕೋಣೆಯಲ್ಲಿ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮುಂದೆ ಕೂತು ಹಾಡುಗಳ ಕಚ್ಚಾ ಪ್ರತಿ ಮಾಡಿಕೊಂಡರು. ಆಮೇಲೆ ಸ್ಟುಡಿಯೋದಲ್ಲಿ ಇಡೀ ತಂಡ ಕೂಡಿಸಿ ನುಡಿಸಿದರೂ ಆ ಕೋಣೆಯ ಹದ ಬರಲಿಲ್ಲ. ಕೊನೆಗೆ ಕ್ಯಾಸೆಟ್ಟನ್ನೇ ‘ನೆಬ್ರಾಸ್ಕಾ’ ಎಂಬ ಆಲ್ಬಂ ಆಗಿ ಹೊರತಂದರು. ಕಾಳಿನ ಕೋಣೆಯಲ್ಲಿ ಕೂತವನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ.

ಹನ್ನೊಂದೂ ಕಾಲು. ದನಿಯ ಸರದಿ. ಕೌದಿಗೆ ಬೆನ್ನು ಕೊಟ್ಟು, ಸೀಮೆಸುಣ್ಣದ ಪಾದಗಳ ಮೇಲೆ ಪಾದವಿಟ್ಟು ನಿಂತಿದ್ದಾನೆ. ಮೈಕು ಸಾದಾ ಡೈನಮಿಕ್ ಮೈಕು, ಸಭೆ ಸಮಾರಂಭಗಳಲ್ಲಿ ಹಿಡಿಯುವಂಥದ್ದು. ಬಾಯಿಗೆ ತಾಗುವಷ್ಟು ಹತ್ತಿರದ ದನಿಯನ್ನಷ್ಟೇ ಅದು ಚೆನ್ನಾಗಿ ಹಿಡಿಯುತ್ತದೆ, ದೂರದ ಕಪ್ಪೆ, ನಾಯಿ ಅದಕ್ಕೆ ಅಷ್ಟಾಗಿ ಕೇಳುವುದಿಲ್ಲ. ಟ್ರ್ಯಾಕ್ಟರಿನ ಮಾತು ಬೇರೆ. ಮೊದಲ ಸಾಲು ಎತ್ತುವುದಕ್ಕೂ ಒಂದು ಟ್ರ್ಯಾಕ್ಟರ್ ರಸ್ತೆಯ ತಿರುವಿಗೆ ಬರುವುದಕ್ಕೂ ಸರಿಹೋಯಿತು. ನಿಲ್ಲಿಸಿದ. ಸದ್ದು ಹತ್ತಿರ ಬಂತು, ಟ್ರಂಕು ಝಲ್ಲೆಂದಿತು, ದೂರವಾಯಿತು. ಮತ್ತೆ ಎತ್ತಿದ. ಇನ್ನೊಂದು. ಬೈಯಲಿಲ್ಲ. ಅದು ಯಾರದೋ ವರ್ಷದ ಬೆಳೆ, ಅಪ್ಪನದೂ ನಾಳೆ ಅದೇ ದಾರಿಯಲ್ಲಿ ಹೋಗಬೇಕು. ಎರಡು ಟ್ರ್ಯಾಕ್ಟರುಗಳ ನಡುವಿನ ಬಿಡುವನ್ನು ಕಿವಿಯಲ್ಲೇ ಅಳೆಯುತ್ತ ನಿಂತ. ಸಿಕ್ಕಿತು. ಕೆಂಪು ಗುಂಡಿ ಒತ್ತಿದ.

ನಾ ಕೇಳಿದೆ, ಅರ್ಧ ಸೆಕೆಂಡ್,
ನೀ ಹೂಂ ಅಂದಿ.
ಆ ಅರ್ಧದಾಗ ನಾ ಎಷ್ಟ ಸಲ
ಊರಿಗೆ ಬಂದು ಹ್ವಾದೆ.

ದನಿ ಕೇಳಿದಿರಾ? ಇದು ಯಾವ ಅಮೆರಿಕದವನ ಗಂಟಲೂ ಅಲ್ಲ. ಗೀಗೀ ಪದದವರ ಗಂಟಲು. ಬೆಳಗಾವಿ ಸೀಮೆಯ ಮೇಳಗಳಲ್ಲಿ ಒಂದು ಕೈ ಕಿವಿಗೆ ಹಚ್ಚಿ, ದಪ್ಪಿನ ಪೆಟ್ಟನ್ನೂ ತುಂತುಣಿಯ ಮೀಟನ್ನೂ ದಾಟಿ, ರಾತ್ರಿ ಬಯಲಿಗೆ ಕೇಳಿಸುವಂತೆ ತೆರೆದ ಕೊರಳಲ್ಲಿ ಎತ್ತುವ ದನಿ. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಕೇಳಿದ್ದು. ತುಂತುಣಿಯ ಒಂದೇ ತಂತಿ ಹಾಡಿನುದ್ದಕ್ಕೂ ಒಂದೇ ಸ್ವರ ಹಿಡಿದು ನಿಲ್ಲುತ್ತದೆ. ಇವನು ‘ಡಿ’ಗೆ ಇಳಿಸಿದ ಆರನೆಯ ತಂತಿ ಮಾಡುವುದೂ ಅದನ್ನೇ. ಕನ್ನಡದ ಮಾತು ರಾಕಿಗೆ ಕೂರುತ್ತದೆಯೇ ಎಂಬ ಅನುಮಾನ ಅವನಿಗೂ ಇತ್ತು. 2008ರ ರಘು ದೀಕ್ಷಿತ್ ಆಲ್ಬಂನಲ್ಲಿ ಗಿಟಾರಿನ ಜೊತೆ ಶಿಶುನಾಳ ಶರೀಫರ ಪದ ಕೇಳಿದಾಗ ಅದು ಅರ್ಧ ಹೋಯಿತು. ಉಳಿದರ್ಧ ಈ ಕೋಣೆಯಲ್ಲಿ, ತನ್ನದೇ ಗಂಟಲು ಕೇಳಿದಾಗ ಹೋಯಿತು.

ಎರಡನೆಯ ನುಡಿ ಅವನಿಗೆ ಸುಲಭಕ್ಕೆ ದಾಟುವುದಿಲ್ಲ.

ಎಮ್ಮಿ ಈದದ್ದ ಹೇಳಿದಿ,
ಮಳಿ ಬಂದದ್ದ ಹೇಳಿದಿ,
ಮಗಳು ನಡದ್ಲು ಅನ್ನೂದ್ರಾಗ
ಲೈನ್ ಕಟ್ಟಾತು.

‘ಮಗಳು’ ಎನ್ನುವಲ್ಲಿ ದನಿ ಒಡೆಯಿತು. ಮತ್ತೊಮ್ಮೆ ಹಾಡಿದ, ಈ ಸಲ ಒಡೆಯಲಿಲ್ಲ, ಶ್ರುತಿ ಸರಿಯಾಗಿದೆ, ಉಸಿರು ಹದವಾಗಿದೆ. ಎರಡನ್ನೂ ಮತ್ತೆ ಮತ್ತೆ ಹಾಕಿ ಕೇಳಿದ. ಒಡೆದದ್ದನ್ನು ಉಳಿಸಿ ಸರಿಯಾದದ್ದನ್ನು ಅಳಿಸಿದ. ಪಕ್ಕದಲ್ಲಿ ಒಬ್ಬ ನಿರ್ಮಾಪಕ ಕೂತಿದ್ದರೆ ಈ ನಿರ್ಧಾರಕ್ಕೆ ಅರ್ಧ ದಿನದ ವಾದ ಆಗುತ್ತಿತ್ತು. ಒಬ್ಬನೇ ಇದ್ದುದರ ಲಾಭ ಇದು. ಇಲ್ಲಿ ನಿಜವನ್ನು ಉಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಪಲ್ಲವಿ ಕೂಡಿತು. ಎಡಕಿವಿಯಲ್ಲಿ ಅವನ ಪ್ರಶ್ನೆ. ಒಂದು ಪೆಟ್ಟು ಖಾಲಿ: ಗಿಟಾರಿಲ್ಲ, ಡ್ರಮ್ಮಿಲ್ಲ, ಬೇಸಿಲ್ಲ. ಅರ್ಧ ಸೆಕೆಂಡು ಕಳೆದು ಬಲಕಿವಿಯಲ್ಲಿ ಇಡೀ ತಂಡ ಒಮ್ಮೆಲೇ ಮೇಲೇಳುತ್ತದೆ, ಅವಳ ‘ಹೂಂ’ ಎಂಬಂತೆ. ರಾಕ್ ಎಂದರೆ ಸದ್ದು ಎಂದು ನಂಬಿದವರು ಆ ಖಾಲಿ ಪೆಟ್ಟನ್ನು ಕೇಳಬೇಕು. ಹಾಡಿನ ಅತ್ಯಂತ ಜೋರಾದ ಜಾಗ ಅದು.

ಒಂದೂವರೆಗೆ ಕೂಡಿಸುವ ಕೆಲಸ ಮುಗಿಯಿತು. ದನಿಗೆ ತುಸು ಜಾಗ ಮಾಡಿಕೊಡಲು ಗಿಟಾರನ್ನು ತಗ್ಗಿಸಿದ, ಬೇಸು ಡ್ರಮ್ಮು ಒಂದರ ಮೇಲೊಂದು ಬೀಳದಂತೆ ಬಿಡಿಸಿದ. ಕೊನೆಗೆ ಹಾಡನ್ನು ಫೋನಿಗೆ ಹಾಕಿ, ಅದರ ಸಣ್ಣ ಸ್ಪೀಕರಿನಲ್ಲಿ ಅಡುಗೆಮನೆಯಲ್ಲಿ ನಿಂತು ಕೇಳಿದ. ಒಳ್ಳೆಯ ಹೆಡ್‌ಫೋನಿನಲ್ಲಿ ಎಲ್ಲ ಹಾಡೂ ಚೆನ್ನ. ಬಡ ಸ್ಪೀಕರಿನಲ್ಲೂ ಮಾತು ತಿಳಿದರೆ ಹಾಡು ಗೆದ್ದಂತೆ. ತಿಳಿಯಿತು. ಫ್ರಿಜ್ಜಿನ ಸ್ವಿಚ್ ಹಾಕಿದ. ಗಡಿಯಾರಕ್ಕೆ ಸೆಲ್ಲು ಹಾಕಿ, ಸಮಯ ಸರಿಮಾಡಿ ಮೊಳೆಗೆ ತೂಗುಹಾಕಿದ.

ಈ ಹಾಡು ಎಲ್ಲಿಗೆ ಹೋಗುತ್ತದೆ? ನಾಳೆ ಬೆಳಿಗ್ಗೆ ಜಗತ್ತಿಗೆಲ್ಲ ಹಂಚಿಬಿಡುವ ಹಾದಿ ನಿಮಗೂ ನನಗೂ ಇದ್ದಷ್ಟು ಸಲೀಸಾಗಿ ಅವನಿಗಿಲ್ಲ. 2020ರ ಜುಲೈಯಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪುಗಳನ್ನು ಫೋನಿನಿಂದ ತೆಗೆದುಹಾಕುವಂತೆ ತನ್ನವರಿಗೆ ಹೇಳಿತ್ತು. ಅದಕ್ಕೆ ತಕ್ಕ ಕಾರಣಗಳಿವೆ, ಸಿಗ್ನಲ್ಸಿನವನಿಗೆ ಅವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನು ಹಾಡನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡ. ಹೆಂಡತಿ ಕೇಳುತ್ತಾಳೆ. ಮಿಜೋರಾಮಿನ ಗೆಳೆಯ ಕೇಳುತ್ತಾನೆ, ಕನ್ನಡ ಬಾರದಿದ್ದರೂ ಆ ಖಾಲಿ ಪೆಟ್ಟು ಅವನಿಗೆ ತಿಳಿಯುತ್ತದೆ, ಫೋನಿನ ಅದೇ ಸಾಲಿನಲ್ಲಿ ಅವನೂ ನಿಂತಿದ್ದವನು. ಸದ್ಯಕ್ಕೆ ಕೇಳುಗರು ಅಷ್ಟೇ. ಅಷ್ಟು ಜನಕ್ಕಾಗಿ ಮಾಡಿದ ಹಾಡು ಇಷ್ಟು ಶ್ರದ್ಧೆಯಿಂದ ಆಗಿದೆ ಎಂಬುದೇ ನನಗೆ ಇದರಲ್ಲಿ ದೊಡ್ಡದಾಗಿ ಕಾಣುತ್ತದೆ.

ಸೈನಿಕನಿಗಾಗಿ ನಮ್ಮಲ್ಲಿ ಹೆಚ್ಚಾಗಿ ಎರಡು ಬಗೆಯ ಹಾಡುಗಳಿವೆ. ಗೆದ್ದಾಗ ಹಾಡುವುದೊಂದು, ಶವಪೆಟ್ಟಿಗೆ ಊರಿಗೆ ಬಂದಾಗ ಹಾಡುವುದೊಂದು. ಎರಡನ್ನೂ ಬರೆಯುವವರು ನಾವು, ಎರಡರಲ್ಲೂ ಅವನು ಮಾತಾಡುವುದಿಲ್ಲ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಅವನ್ನೇ ಮೈಕಿಗೆ ಹಾಕಿ ಮುಂದಿನ ವರ್ಷದವರೆಗೆ ಮರೆಯುತ್ತೇವೆ. ಗೆಲುವಿಗೂ ಸಾವಿಗೂ ನಡುವೆ ಅವನು ಬದುಕುವ ಉದ್ದನೆಯ ದಿನಗಳಿವೆ: ಕಾಯುವುದು, ಒಣಗಿಸುವುದು, ಸಾಲು ನಿಲ್ಲುವುದು, ಮಗಳ ಮೊದಲ ಹೆಜ್ಜೆಯನ್ನು ಅರ್ಧ ವಾಕ್ಯದಲ್ಲಿ ಕೇಳುವುದು. ಆ ದಿನಗಳ ಹಾಡನ್ನು ಅವನೇ ಬರೆಯಬೇಕು, ಬೇರೆ ಯಾರಿಂದಲೂ ಆಗದು. ಕೆಲವರು ಬರೆಯುತ್ತಿದ್ದಾರೆ ಕೂಡ. ಗಿಟಾರೇ ಇರಬೇಕೆಂದಿಲ್ಲ. ಭಜನೆಯ ಪದ ಇರಬಹುದು, ಡೈರಿಯ ನಾಲ್ಕು ಸಾಲಿರಬಹುದು.

ನಿಮ್ಮ ಓಣಿಗೂ ಒಬ್ಬ ‘ಮಿಲ್ಟ್ರಿ’ ಸೂಟಿಗೆ ಬರುತ್ತಾನೆ. ಮುಂದಿನ ಸಲ ಬಂದಾಗ, “ಎಷ್ಟ ಮಂದೀನ ಹೊಡದಿ?” ಎಂದು ಕೇಳಬೇಡಿ. ಗಡಿಯ ಸುದ್ದಿ ಬಗೆದು ತೆಗೆಯಬೇಡಿ. ಏನಾದರೂ ಬರೆದಿದ್ದೀಯಾ, ಹಾಡು ಕಟ್ಟಿದ್ದೀಯಾ ಎಂದು ಕೇಳಿ. ಇದೆ ಎಂದರೆ ನಿಮ್ಮ ಟಿವಿ ಆರಿಸಿ, ಫೋನು ಬದಿಗಿಟ್ಟು, ಪೂರ್ತಿ ಕೇಳಿ. ಮನೆಯಲ್ಲಿ ಒಂದು ಕೋಣೆ ಖಾಲಿ ಇದ್ದರೆ ಒಂದು ರಾತ್ರಿಗೆ ಬಿಟ್ಟುಕೊಡಿ. ಅವನಿಗೆ ನಾವು ಕೊಡಬಹುದಾದ ಗೌರವಗಳಲ್ಲಿ ಹಾರಕ್ಕಿಂತ ಇದು ಹೆಚ್ಚಿನದು.